ತೌಡಿನ ಅಂಬಲಿ

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕರ್ಧ ಸವೆದಿತ್ತು. ಗಡಿಗೆಯ ತಳಕ್ಕೆ ಹತ್ತಿದ ನುಚ್ಚನ್ನು ಕೆರೆದು ಕೆರೆದು ಹಾಗಾಗಿತ್ತು. ಆ ತಳವೇ ಅವಳ ಊಟ. ಚಿಕ್ಕಂದಿನಲ್ಲೇ ಗಂಡ ಸತ್ತು, ಅಫಜಲಪುರದ ಹತ್ತಿರದ ನಮ್ಮೂರಿಗೆ, ಅಣ್ಣನ ಮನೆಗೆ, ಅಂದರೆ ನಮ್ಮಪ್ಪನ ಮನೆಗೆ ಬಂದವಳು. ಬಿಸಿ ರೊಟ್ಟಿ ಬಡಿಯುವುದು ಅವಳ ಪಾಲಿಗೆ, ತಿನ್ನುವುದು ನಮ್ಮ ಪಾಲಿಗೆ.

ಅವಳ ಕೈಯಲ್ಲಿ ಏನೂ ಕೆಡುತ್ತಿರಲಿಲ್ಲ. ನಿನ್ನೆಯ ರೊಟ್ಟಿ ಮುರಿದು, ಮಜ್ಜಿಗೆ ಚಿಮುಕಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡುವಳು. ಹೀರೇಕಾಯಿ ಸಿಪ್ಪೆ ಹುರಿದು ಶೇಂಗಾ ಹಾಕಿ ಕುಟ್ಟಿದರೆ ಚಟ್ನಿ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟನ್ನು ಯಾರಾದರೂ ಚೆಲ್ಲಲು ಹೋದರೆ ಓಡಿ ಬರುವಳು: “ಅಯ್ಯ ಬೇ, ರುಚಿಯೆಲ್ಲಾ ಅದ್ರಾಗೇ ಅದ, ಇಲ್ಲಿ ಕೊಡು!” ಹಿಟ್ಟು ಜರಡಿ ಹಿಡಿದು ಉಳಿದ ತೌಡು ಅಂಬಲಿಯಾಗುತ್ತಿತ್ತು; ಅದು ಅವಳೊಬ್ಬಳಿಗೇ. ಬಂದವರೆಲ್ಲ ಎಂಥ ಹದ, ಎಂಥ ಹಿಡಿತ ಎಂದು ಹೊಗಳುತ್ತಿದ್ದರು. ಸುಡಲಿ ಆ ಹೊಗಳಿಕೆ! ಒಂದು ಬಿಸಿ ರೊಟ್ಟಿ ನೀನೂ ತಿನ್ನು ಎಂದವರು ಒಬ್ಬರೂ ಇಲ್ಲ.

ನಿಜಾಮನ ಕಾಲದ ಕೊನೆಯ ಬೇಸಿಗೆಯಲ್ಲಿ ಊರೂರಿಗೆ ಬೆಂಕಿ ಬೀಳುತ್ತಿರುವ ಸುದ್ದಿ ಬಂತು. ಘತ್ತರಗಿಯ ಬಳಿ ಭೀಮಾ ಹೊಳೆ ದಾಟಿ ನಿಜಾಮನ ಗಡಿಯಾಚೆ ಹೋಗುವುದೆಂದಾಯಿತು. ಅಪ್ಪ ಜೋಳವನ್ನೆಲ್ಲ ಅಂಗಳದ ಹಗೇವಿಗೆ, ನೆಲದಡಿಯ ಆ ಕಣಜಕ್ಕೆ, ಸುರಿಸಿ ಬಾಯಿಗೆ ಮಣ್ಣು ಮೆತ್ತಿಸಿದ.

“ನೀ ಇಲ್ಲೇ ಇರು. ಗೊಡ್ಡೆಮ್ಮಿ ನೋಡ್ಕೋ. ನಾ ಬರೂತನಕ ಹಗೇವು ತಗೀಬ್ಯಾಡ. ಯಾರರೆ ನೋಡಿದ್ರ ಲೂಟಿ ಆಗ್ತದ,” ಎಂದ.

“ಹೂಂ ಅಣ್ಣಾ, ಇರ್ತೇನಿ.”

ಮನೆಯಲ್ಲಿದ್ದ ಹಿಟ್ಟನ್ನೆಲ್ಲ ರೊಟ್ಟಿ ಬಡಿದು, ಒಣಗಿಸಿ, ನಮಗೆ ಗಂಟು ಕಟ್ಟಿದಳು. ಹೊರಡುವಾಗ ವಿಧವೆ ಎದುರಾಗಬಾರದಲ್ಲ, ಆ ಗಂಟನ್ನು ಹಿತ್ತಲ ಬಾಗಿಲಿನಿಂದ ನನ್ನ ಕೈಗಿಟ್ಟು ಕದ ಹಾಕಿಕೊಂಡಳು. ಹೊಳೆಯಾಚೆ ಕೂಲಿ ಸಿಗುವ ತನಕ ನಾವು ಬದುಕಿದ್ದು ಆ ರೊಟ್ಟಿಯ ಮೇಲೆ.

ಪೊಲೀಸ್ ಕಾರ್ಯಾಚರಣೆ ಮುಗಿದು ಮರಳಿದಾಗ ಅತ್ತೆ ಇರಲಿಲ್ಲ. ಎಮ್ಮೆ ಇತ್ತು. ಹಗೇವಿನ ಬಾಯಿಯ ಮಣ್ಣು ಮೆತ್ತಿದ ಹಾಗೇ ಇತ್ತು.

ಪಕ್ಕದ ಮನೆಯ ಮುದುಕಿ ಅಪ್ಪನಿಗೆ ಹೇಳಿದಳು: “ಕಡೀಕ ತೌಡೂ ತೀರಿತ್ರಿ. ನಮ್ಮ ಮನ್ಯಾಗೂ ಏನಿರಲಿಲ್ಲ. ಹಗೇವು ತಗಿ ಬೇ ಅಂದ್ರ, ಅಣ್ಣ ಬ್ಯಾಡಂದಾನ ಅಂತಿದ್ಳು. ಅದರ ಮ್ಯಾಲೇ ಮಲಗಿ ಹೋದ್ಳ್ರಿ.”

ಅಪ್ಪ ಗಳಗಳನೆ ಅತ್ತ. ಆಮೇಲೆ ಅದೇ ಹಗೇವು ತೆಗೆಸಿ, ಜೋಳ ಮಾರಿ, ಅವಳ ದಿವಸಕ್ಕೆ ಊರಿಗೆಲ್ಲ ಹೋಳಿಗೆ ಹಾಕಿಸಿದ. ಅಡುಗೆಯವರು ಕಟ್ಟನ್ನು ಬಚ್ಚಲಿಗೆ ಸುರಿದರು. ಓಡಿ ಬಂದು ತಡೆಯುವವರು ಯಾರಿದ್ದರು? ಎಲ್ಲರಿಗಿಂತ ಮೊದಲು ಅವಳ ಹೆಸರಿನ ಎಡೆ ಇಟ್ಟರು. ಹೋಳಿಗೆ ಹಬೆಯಾಡುತ್ತಿತ್ತು. ಆ ಮನೆಯಲ್ಲಿ ಅತ್ತೆಗೆ ಬಿಸಿಬಿಸಿಯಾಗಿ ಬಡಿಸಿದ್ದು ಅದೊಂದೇ ಸಲ.