ಅತ್ತಿಗುಪ್ಪೆಯ ಸಮಾಜವಾದಿ ಜನ

"ಯಾವ ಜನ ನೀವು?"

ಅತ್ತಿಗುಪ್ಪೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯ ಒಡತಿ ಹನುಮಕ್ಕ ನನಗೆ ಹಾಕಿದ ಮೊದಲ ಪ್ರಶ್ನೆ ಇದು. ನಾನು ಕಕ್ಕಾಬಿಕ್ಕಿಯಾದೆ. ನಮ್ಮ ಗದುಗಿನ ಕಡೆ ಜನ ಎಂದರೆ ಮಂದಿ, ಅಷ್ಟೇ. ಯಾವ ಜನ ಎಂದರೆ ಏನು ಹೇಳುವುದು? ಒಳ್ಳೆಯ ಜನ ಎನ್ನಲೇ? ಪಕ್ಕದಲ್ಲಿದ್ದ ಹೆಂಡತಿ ಶಾಂತಾ ಮೊಣಕೈಯಿಂದ ತಿವಿದು, "ಜಾತಿ ಕೇಳಾಕತ್ತಾರ್ರೀ" ಎಂದಳು.

ಯಾರಿಗೂ ಜಾತಿ ಹೇಳುವುದಿಲ್ಲ ಎಂದು ಕಾಲೇಜಿನಲ್ಲೇ ಹಟ ಹಿಡಿದವನು ನಾನು. ಆ ಹಟಕ್ಕೇ ವಿಜಯನಗರದಲ್ಲಿ ಎಷ್ಟೋ ಬಾಗಿಲುಗಳು ಮುಚ್ಚಿದ್ದವು. ಆದರೂ ಎದೆ ಸೆಟೆಸಿ, "ನಾ ಸಮಾಜವಾದಿ ಅದೀನ್ರಿ" ಎಂದೆ.

ಹನುಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದ್ಯಾವ ಜನಾನೋ, ನಮ್ ಕಡೆ ಇಲ್ಲ ಕಣಪ್ಪ. ಮಾಂಸ ತಿನ್ನೋರಾ, ತಿನ್ನದೇ ಇರೋರಾ?"

"ತಿನ್ನಂಗಿಲ್ರಿ."

"ನಾವು ತಿಂತೀವಿ. ಭಾನ್ವಾರ ವಾಸ್ನೆ ಬತ್ತದೆ. ಆಮೇಲೆ ಮೂಗು ಮುಚ್ಕೊಂಡು ಓಡಾಡಬಾರ್ದು. ಒಪ್ಗೆ ಆದ್ರೆ ಬನ್ನಿ."

ಹೀಗೆ ನಮಗೆ ಮನೆ ಸಿಕ್ಕಿತು, ಜೊತೆಗೆ ಒಂದು ಜಾತಿಯೂ ಸಿಕ್ಕಿತು.

ಇಲ್ಲಿ ವಠಾರ ಎನ್ನುತ್ತಾರೆ. ಒಂದೇ ಗೇಟು, ಒಂದೇ ಬಾವಿ, ಸಾಲಾಗಿ ಪುಟ್ಟ ಪುಟ್ಟ ಮನೆಗಳು. ಹನುಮಕ್ಕನ ರಾಗಿ ಹೊಲ ಬಡಾವಣೆಗೆ ಹೋಗಿ, ಉಳಿದ ತುಂಡು ನೆಲದಲ್ಲಿ ಅವರು ಕಟ್ಟಿಸಿದ್ದು. "ಆಗ ರಾಗಿ ಬೆಳೀತಿದ್ದೆ, ಈಗ ಬಾಡಿಗೆ ಬೆಳೀತೀನಿ" ಎಂದು ನಗುತ್ತಿದ್ದರು. ವಠಾರದವರಿಗೆಲ್ಲ ನಮ್ಮನ್ನು "ಸಮಾಜವಾದಿ ಜನ" ಎಂದೇ ಪರಿಚಯಿಸಿದರು. ಆಮೇಲೆ ನಾವು ಮಾಡಿದ್ದೆಲ್ಲ ಸಮಾಜವಾದವೇ ಆಯಿತು. ಬೆಳಿಗ್ಗೆ ಕಾಫಿ ಬಿಟ್ಟು ಚಹಾ ಕುಡಿಯುವುದು ಸಮಾಜವಾದ. ಶಾಂತಾ ಪಟಪಟನೆ ರೊಟ್ಟಿ ಬಡಿಯುವುದು ಸಮಾಜವಾದ. ಪಕ್ಕದ ಮನೆಯ ಟೀಚರಮ್ಮ ಒಂದು ದಿನ ಬಟ್ಟಲು ಹಿಡಿದು ಬಂದು, "ನಿಮ್ಮ ಸಮಾಜವಾದಿಗಳ ಕಡಲೆಕಾಯಿ ಚಟ್ನಿಪುಡಿ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದರು. ಶಾಂತಾ ಬಿದ್ದು ಬಿದ್ದು ನಕ್ಕಳು. ಊರು ಬಿಟ್ಟ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ತಿದ್ದಲು ನನಗೂ ಮನಸ್ಸಾಗಲಿಲ್ಲ.

ನನ್ನ ಕೆಲಸ ರಾಜಾಜಿನಗರದ ಒಂದು ಫ್ಯಾನ್ ಕಾರ್ಖಾನೆಯಲ್ಲಿತ್ತು. ನಮ್ಮೂರಲ್ಲಿ ಧಣಿ ಧಣಿಯೇ, ಆಳು ಆಳೇ. ಇಲ್ಲಿಯ ಮಾಲೀಕರು ಆಯುಧಪೂಜೆಯ ದಿನ ಬೂದುಗುಂಬಳಕಾಯಿ ಒಡೆಸಿ, ಮೈಕು ಹಿಡಿದು, "ಇದು ಕಾರ್ಖಾನೆಯಲ್ಲ, ಕುಟುಂಬ. ನಿಜವಾದ ಸಮಾಜವಾದ ಅಂದ್ರೆ ಇದೇ" ಎನ್ನುತ್ತಿದ್ದರು. ಸರ್ಕಾರವೇ ಸಮಾಜವಾದ ಎನ್ನುವ ಈ ಕಾಲದಲ್ಲಿ ಸರ್ಕಾರಿ ಕಚೇರಿಗಳಿಗೆ ಫ್ಯಾನು ಮಾರುವವರು ಹಾಗೆಯೇ ಮಾತಾಡಬೇಕು. ನಾನು ನಂಬಿದೆ, ಚಪ್ಪಾಳೆಯನ್ನೂ ತಟ್ಟಿದೆ. ಅದೇ ವರ್ಷ ಯೂನಿಯನ್ನು ಸಂಬಳ ಹೆಚ್ಚಿಸಿ ಎಂದು ಕೇಳಿದ್ದಕ್ಕೆ ಕುಟುಂಬದ ಗೇಟಿಗೆ ಬೀಗ ಬಿತ್ತು. ಬಿನ್ನಿಪೇಟೆಯ ಮಿಲ್ಲಿನ ಸೈರನ್ ಕೂಗು ಕೇಳಿದಾಗೆಲ್ಲ ಎದ್ದು ಅಂಗಿ ಹಾಕಿಕೊಳ್ಳುವುದು, ಬೀಗ ನೆನಪಾಗಿ ಮತ್ತೆ ಕೂರುವುದು, ಇದೇ ನನ್ನ ದಿನಚರಿಯಾಯಿತು.

ಇಷ್ಟು ಸಾಲದೆಂಬಂತೆ ಹನುಮಕ್ಕನ ತಮ್ಮನ ಮಗ, ಸೈಟು ಮಾರಿಸುವ ರಾಮಾಂಜಿ, ಒಂದು ಮಧ್ಯಾಹ್ನ ಬಂದು ನಾನು ಯಾವ ಜನ ಎಂದು ಕೇಳಿದ. ಅತ್ತೆ ಹೆಮ್ಮೆಯಿಂದ ಹೇಳಿದರು. ಅವನು ಹೌಹಾರಿದ.

"ಅಯ್ಯೋ ಅತ್ತೆ, ಅದು ಜಾತಿ ಅಲ್ಲ ಕಣತ್ತೆ! ಕೆಂಗೇರಿ ಮಾವನ ಹೊಲ ಗೇಣಿಯೋನ ಪಾಲಾಯ್ತಲ್ಲ, ಅದೇ ಇದು. ಉಳೋನಿಗೆ ಹೊಲ ಅಂತ. ನಾಳೆ ವಾಸ ಇರೋನಿಗೇ ಮನೆ ಅಂತಾರೆ. ಇವತ್ತೇ ಖಾಲಿ ಮಾಡ್ಸು!"

ಸಂಜೆ ಹನುಮಕ್ಕ ನಮ್ಮ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ. "ಖಾಲಿ ಮಾಡಿ ಸಾರ್" ಎಂದರು. ಅಲ್ಲಿಯವರೆಗೆ 'ಅಪ್ಪ' ಆಗಿದ್ದವನು ಅಂದು 'ಸಾರ್' ಆದೆ. ಅದೇ ಹೆಚ್ಚು ನೋಯಿಸಿತು. ಶಾಂತಾಗೆ ಏಳು ತಿಂಗಳು. ಜಾತಿ ಹೇಳದ, ಕೆಲಸವೂ ಇಲ್ಲದ ಗಂಡಸಿಗೆ ಈ ಊರಲ್ಲಿ ಯಾರು ಮನೆ ಕೊಡುತ್ತಾರೆ?

ನಾನು ವಿವರಿಸಲು ಹೋದೆ. ಸಮಾಜವಾದ ಎಂದರೆ ಬಡವರ ಮನೆ ಕಸಿಯುವುದಲ್ಲ, ದುಡಿಯುವವರಿಗೆ ನ್ಯಾಯ, ದೊಡ್ಡ ದೊಡ್ಡ ಬಂಡವಾಳಗಾರರು, ಉತ್ಪಾದನೆ... ಹನುಮಕ್ಕ ಕೈ ಅಡ್ಡ ಹಿಡಿದರು.

"ಭಾಷ್ಣ ಬ್ಯಾಡ. ನಮ್ ಹೊಲ ತಗೊಂಡಾಗ್ಲೂ ಹಿಂಗೇ ಹೇಳಿದ್ರು. ಎಲ್ರಿಗೂ ಒಳ್ಳೇದಾಗ್ತದೆ, ಬಡಾವಣೆ ಆಗ್ತದೆ, ಫ್ಯಾಕ್ಟರಿ ಬತ್ತದೆ, ಕೆಲ್ಸ ಸಿಗ್ತದೆ ಅಂತ. ನಿಮ್ ಫ್ಯಾಕ್ಟರಿ ಎಲ್ಲಿ ಈಗ?"

"ಬೀಗ ಹಾಕ್ಯಾರ್ರಿ."

ಅವರು ಚುಚ್ಚಲೆಂದು ಕೇಳಿದ್ದು; ನಾನು ಹಗಲು ಮನೆಯಲ್ಲಿರುವುದು ರಾತ್ರಿ ಪಾಳಿಯಿಂದ ಎಂದುಕೊಂಡಿದ್ದರು, ಬೀಗದ ವಿಷಯ ಗೊತ್ತಿರಲಿಲ್ಲ. ಶಾಂತಾಳ ಹೊಟ್ಟೆ ನೋಡಿದರು, ಬಾವಿಕಟ್ಟೆ ನೋಡಿದರು. "ಥೂ, ಬೀಗ ಹಾಕ್ದೋರ ಮನೆ ಹಾಳಾಗ!" ಎಂದು ಬೈದರು. ಆಮೇಲೆ ತಮ್ಮ ಮನೆಯಿಂದ ಹಚ್ಚಿದ ದೀಪ ತಂದು ನಮ್ಮ ಹೊಸ್ತಿಲ ಮೇಲಿಟ್ಟರು.

"ದೀಪ ಮುಟ್ಟಿ ಹೇಳಿ, ಈ ಮನೆ ನಂದಲ್ಲ ಅಂತ. ಹೇಳಿದ್ರೆ ಇರಿ, ಬಾಡಿಗೆ ಆಮೇಲೆ ನೋಡಾನ."

ದೇವರನ್ನು ನಂಬದವನು ನಾನು. ಆಸ್ತಿ ಯಾರೊಬ್ಬರದೂ ಆಗಬಾರದು ಎಂದು ಭಾಷಣ ಮಾಡಿದವನು. ಬೆರಳು ಮುಂದೆ ಹೋಗಲಿಲ್ಲ. ಶಾಂತಾ ಕಿವಿಯ ಹತ್ತಿರ ಬಂದು, "ದೇವ್ರನ್ನ ನಂಬಂಗಿಲ್ಲಲ್ಲ, ಮತ್ಯಾಕ ಅಂಜತೀರಿ? ಮುಟ್ರಿ" ಎಂದಳು. ಮುಟ್ಟಿದೆ. "ಈ ಮನೆ ನಂದಲ್ಲ" ಎಂದೆ. "ಗಟ್ಟಿಯಾಗಿ" ಎಂದರು ಹನುಮಕ್ಕ. ವಠಾರವೆಲ್ಲ ಬಾಗಿಲಲ್ಲಿ ನಿಂತಿತ್ತು. ಗಟ್ಟಿಯಾಗಿ ಹೇಳಿದೆ. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ರಾತ್ರಿ ಹನುಮಕ್ಕನ ಮನೆಯಿಂದ ಬಿಸಿ ಮುದ್ದೆ, ಸೊಪ್ಪು ಬಸಿದ ನೀರಿನಲ್ಲಿ ಮಾಡಿದ ಬಸ್ಸಾರು ಬಂತು. ನಾಚಿಕೆಯಿದ್ದರೂ ಹೊಟ್ಟೆ ತುಂಬ ಉಂಡೆ.

ಮಗಳು ಆ ಮನೆಯಲ್ಲೇ ಹುಟ್ಟಿದಳು. ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದವರು ಹನುಮಕ್ಕನೇ. ಫ್ಯಾನ್ ಕಾರ್ಖಾನೆಯ ಗೇಟು ತೆರೆಯಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತು, ಬಾಡಿಗೆಯ ಬಾಕಿ ತೀರಿತು. ಹೊಸ ಬಾಡಿಗೆಯವರು ಬಂದರೆ ಹನುಮಕ್ಕ ಈಗಲೂ ನನ್ನತ್ತ ಕೈ ತೋರಿಸಿ, "ಸಮಾಜವಾದಿ ಜನ. ಆಣೆ ತಪ್ಪಾಕಿಲ್ಲ" ಎನ್ನುತ್ತಾರೆ.

ಮೊನ್ನೆ ಮಗಳನ್ನು ಎತ್ತಿಕೊಂಡು ಗದುಗಿಗೆ ಹೋಗಿದ್ದೆ. ಬಾಗಿಲಲ್ಲೇ ಅಣ್ಣ ಒಳಗೆ ಕೂಗಿದ: "ಬೆಂಗಳೂರವ್ರು ಬಂದ್ರು, ಅನ್ನಕ್ಕಿಡ್ರಿ. ರೊಟ್ಟಿ ತಿಂತಾರೋ ಇಲ್ಲೋ!" ನನಗೆಂದು ಹೊಸ ಚಾದರ ಹಾಸಿದರು, ನೆಂಟರಿಗೆ ಹಾಸುವಂಥದ್ದು. ನಾನು ಹುಟ್ಟಿದ ಕೋಣೆಯಲ್ಲಿ ಅಣ್ಣನ ಮಕ್ಕಳ ಪುಸ್ತಕಗಳಿದ್ದವು. ದೇವರ ಮುಂದೆ ದೀಪ ಉರಿಯುತ್ತಿತ್ತು. ಮಗಳು ಕೈ ಚಾಚಿದಳು, ಬೆರಳು ಸುಟ್ಟೀತೆಂದು ಹಿಂದಕ್ಕೆಳೆದುಕೊಂಡೆ. ಯಾರೂ ಕೇಳಿರಲಿಲ್ಲ. ಆದರೂ ಹನುಮಕ್ಕ ಹೇಳಿಸಿದ್ದ ಆ ಮಾತು ತಾನಾಗಿಯೇ ಬಾಯಿಗೆ ಬಂತು: ಈ ಮನೆ ನಂದಲ್ಲ.