ಸೀಮಂತದ ಮೈಕು

ಸಂವಹನ ಕಾನೂನು, ಮಾಧ್ಯಮ, ನಾಗರಿಕ ಸ್ವಾತಂತ್ರ್ಯ ಎಂದು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ವಾಕ್ ಸ್ವಾತಂತ್ರ್ಯದ ಮೇಲೆ ದಪ್ಪನೆಯ ಪ್ರಬಂಧ ಬರೆದಿದ್ದೇನೆ. ಪೂರ್ತಿ ಓದಿದವರು ನನ್ನ ಗೈಡ್ ಒಬ್ಬರೇ, ಅವರ ಮೇಲೂ ನನಗೆ ಅನುಮಾನವಿದೆ.

ದೇವನಹಳ್ಳಿ ಕಡೆಯ ನಮ್ಮೂರಿನ ಜಮೀನುಗಳಿಗೆ ಭೂಸ್ವಾಧೀನದ ನೋಟಿಸ್ ಬಂತು. ಆಕ್ಷೇಪಣೆ ಕೊಡಲು ಸೋಮವಾರವೇ ಕೊನೆ. ಸುಮ್ಮನಿದ್ದರೆ ಒಪ್ಪಿದಂತೆಯೇ ಎಂದು ಊರಿಗೆಲ್ಲ ತಿಳಿಸಬೇಕಿತ್ತು. ಭಾನುವಾರ ಸಭೆ ಎಂದಾಯಿತು. ಮೈಕಿಗೆ ಅನುಮತಿ ಕೇಳಿ, ಸಂವಿಧಾನದ ವಿಧಿ ಉಪವಿಧಿಗಳನ್ನೆಲ್ಲ ತುರುಕಿ ನಾನೇ ಅರ್ಜಿ ಬರೆದೆ. ಠಾಣೆಯಲ್ಲಿ ಅದನ್ನು ಗೌರವದಿಂದ ತೆಗೆದುಕೊಂಡು, ಅಷ್ಟೇ ಗೌರವದಿಂದ ಆಗಲ್ಲ ಅಂದರು. ಮೈಯೆಲ್ಲ ಉರಿಯಿತು. ಹೈಕೋರ್ಟಿಗೇ ಹೋಗುತ್ತೇನೆ ಎಂದು ಮನೆಯ ಅಂಗಳದಲ್ಲಿ ಕೂಗಾಡಿದೆ.

ಅವರೆಕಾಯಿ ಸುಲಿಯುತ್ತಿದ್ದ ಸೋದರತ್ತೆ ತಲೆ ಎತ್ತಲಿಲ್ಲ. ನನ್ನ ಓದೆಲ್ಲ ಪುಸ್ತಕದ ಬದನೆಕಾಯಿ ಎಂಬುದು ಅವಳ ಹಳೇ ತೀರ್ಮಾನ.

"ನನ್ ಸೊಸೆಗೆ ಏಳು ತಿಂಗ್ಳು. ಸೀಮಂತಕ್ಕೆ ಮೈಕ್ ಹಾಕೋಕೆ ಯಾರನ್ನ ಕೇಳ್ಬೇಕೇ?" ಅಂದಳು.

ನಮ್ಮ ಕಡೆ ಯಾರೂ ಯಾರನ್ನೂ ಕೇಳಿದ್ದಿಲ್ಲ.

ಭಾನುವಾರ ಶಾಮಿಯಾನ ಎದ್ದಿತು. ಸೊಸೆ ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಳು. ಹೆಂಗಸರು ಸೋಬಾನೆ ಹಾಡಿದರು, ನಾನು ಕಾಯಿದೆ ಹೇಳಿದೆ. ಆರತಿ ಆಯಿತು, ಆಕ್ಷೇಪಣೆಗೆ ಏನೇನು ಲಗತ್ತಿಸಬೇಕೆಂದು ಹೇಳಿದೆ. ನನ್ನ ಕ್ಲಾಸಿಗೆ ಅಷ್ಟು ಜನ ಯಾವತ್ತೂ ಬಂದವರಲ್ಲ, ಬಂದವರು ಅಷ್ಟು ಎಚ್ಚರವಾಗಿಯೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ಠಾಣೆಯ ಪೇದೆಯೊಬ್ಬ ಒಳಗೆ ಬಂದ. ಕೈಯಲ್ಲಿದ್ದ ನೋಟಿಸನ್ನು ಮಡಚಿ ಸೆರಗಿನಡಿ ಸೇರಿಸಿದೆ. ಅತ್ತೆ ಅವನನ್ನು ಪಂಕ್ತಿಯಲ್ಲಿ ಕೂರಿಸಿ, ಒಬ್ಬಟ್ಟಿನ ಮೇಲೆ ತುಪ್ಪ ಸುರಿದು, ಮುಂದುವರಿಸು ಎಂದು ನನಗೆ ಕಣ್ಸನ್ನೆ ಮಾಡಿದಳು. ಅವನು ತಲೆ ತಗ್ಗಿಸಿ ಉಂಡ. ಕೈ ತೊಳೆದವನೇ ನೇರ ನನ್ನ ಹತ್ತಿರ ಬಂದ. ಮೈಕ್ ಆರಿಸು ಅನ್ನುತ್ತಾನೆ ಎಂದುಕೊಂಡು ನನ್ನ ಇಪ್ಪತ್ತು ವರ್ಷದ ವಾದವನ್ನೆಲ್ಲ ನಾಲಿಗೆ ತುದಿಗೆ ತಂದುಕೊಂಡೆ.

"ಮೇಡಂ, ಸ್ವಲ್ಪ ಸೌಂಡ್ ಜಾಸ್ತಿ ಮಾಡ್ಸಿ," ಅಂದ, ಮೆಲ್ಲಗೆ. "ನಮ್ಮಪ್ಪಂದೂ ಎರಡೆಕರೆ ಹೋಗ್ತೈತೆ. ಬೇಲಿ ಆಚೆ ನಿಂತವ್ರೆ, ಕಿವಿ ಸರ್ಯಾಗಿ ಕೇಳ್ಸಲ್ಲ."

ಸೌಂಡ್ ಏರಿಸುವಂತೆ ಮೈಕಿನವನಿಗೆ ಕೈ ಮಾಡಿದೆ. ಬೇಲಿಯ ಕಡೆ ತಿರುಗಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಇನ್ನೊಂದು ಸೋಬಾನೆ ಆಗಲಿ ಎಂದು ಹೆಂಗಸರಿಗೆ ಸನ್ನೆ ಮಾಡಿ ಕೂತೆ.