ಘಾಟಿಯಲ್ಲಿ ನಿಲ್ಲುತ್ತಿದ್ದ ಲಾರಿ

ಗಂಡನ ಮನೆಯಿಂದ ಬ್ಯಾಡಗಿಗೆ ವಾಪಸ್ ಬಂದಾಗ ನನ್ನ ಹತ್ತಿರ ಎರಡು ಸೂಟ್‌ಕೇಸ್ ಇದ್ದವು. ಅವುಗಳೊಳಗಿನ ಸೀರೆಗಳೂ ತವರಿನವರೇ ಕೊಡಿಸಿದವು. ಇದು ನನ್ನದು ಅಂತ ಹೇಳಿಕೊಳ್ಳುವಂಥದ್ದು ತವರುಮನೆಗೆ ಬಂದಿದ್ದು ಆಮೇಲೆ, ನಾನು ಹಾವೇರಿಯ ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿ ದಿನಾ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ. ಒಂದು ಕಂಪ್ಯೂಟರ್. ಒಂದೊಂದೇ ಭಾಗದ ಬಗ್ಗೆ ಓದಿ, ಆರಿಸಿ, ತರಿಸಿ, ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ಕೈಯಾರೆ ಜೋಡಿಸಿದ್ದೆ.

ಅದರಲ್ಲಿ ನಾನು ಲಾರಿ ಓಡಿಸುತ್ತಿದ್ದೆ. ಹೇಳಿದರೆ ಜನ ನಗುತ್ತಾರೆ. ಮೂವತ್ತಾರರ ಹೆಂಗಸು, ಕೆಲಸದಿಂದ ಬಂದು, ಅವ್ವ ಮಾಡಿಟ್ಟ ಚಹಾ ಕುಡಿದು, ಪರದೆ ಮೇಲೆ ಹದಿನೆಂಟು ಗಾಲಿಯ ಲಾರಿ ಏರಿ ಕೂಡುವುದು. ನನಗೆ ಅದು ನಗೆಯ ವಿಷಯವಾಗಿರಲಿಲ್ಲ. ಬಾಗಿಲ ಮುಂದೆ ನಿಂತ ಕಾರಿನ ಕೀಲಿ ಅಣ್ಣ ಒಂದು ದಿನವೂ ನನ್ನ ಕೈಗೆ ಕೊಟ್ಟವನಲ್ಲ. ಪರದೆಯ ಮೇಲೆ ರಾತ್ರಿ ಹಗಲೆನ್ನದೆ ಗಡಿ ದಾಟುತ್ತಿದ್ದೆ. ಮಳೆ ಬಂದರೆ ವೈಪರ್ ಹಾಕುತ್ತಿದ್ದೆ, ಘಾಟಿ ಬಂದರೆ ಗೇರ್ ಇಳಿಸುತ್ತಿದ್ದೆ. ಎಲ್ಲಿಗೆ ಹೊಂಟಿ, ಯಾವಾಗ ಬರ್ತಿ ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅಣ್ಣನದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಸೀಜನ್ ಬಂದರೆ ಊರ ಗಾಳಿಯೇ ಕೆಂಪಾಗುತ್ತದೆ; ಅವನು ಮನೆಯೊಳಗೆ ಕಾಲಿಟ್ಟರೆ ಅವ್ವ ಅಡಿಗೆಮನೆಯಿಂದಲೇ ಸೀನುತ್ತಿದ್ದಳು. ಆ ಸಲ ಸೀಜನ್ ನಡುವೆ ಅಂಗಡಿಯ ಕಂಪ್ಯೂಟರ್ ಸತ್ತೇಹೋಯಿತು. ಅದನ್ನು ರಾಣೆಬೆನ್ನೂರಿನ ರಿಪೇರಿ ಅಂಗಡಿಗೆ ಒಯ್ಯುವಾಗ ಅಣ್ಣ ತಾನಾಗಿಯೇ ಕೇಳಿದ.

"ನಿಂದೂ ಧೂಳ ಹಿಡದಿರಬೇಕಲ್ಲ, ಕೊಡು, ಸ್ವಚ್ಛ ಮಾಡಿಸ್ಕೊಂಡು ಬರ್ತೇನಿ."

ನನಗೆ ಖುಷಿಯಾಯಿತು. ಅವನು ನನ್ನ ಕಂಪ್ಯೂಟರಿನ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಎರಡನ್ನೂ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಅಲುಗಾಡದಂತೆ ನಡುವೆ ನಾನೇ ದಿಂಬು ತುರುಕಿದೆ. ಮರುದಿನ ಸಂಜೆ ಎರಡೂ ವಾಪಸ್ ಬಂದವು. ನನ್ನದರ ಮೈ ಒರೆಸಿ ಫಳಫಳ ಮಾಡಿದ್ದರು.

ಆವತ್ತಿನಿಂದಲೇ ಲಾರಿ ನಿಲ್ಲತೊಡಗಿತು. ಟೈಪ್ ಮಾಡಿದರೆ ಏನೂ ತಂಟೆಯಿಲ್ಲ, ಹಾಡು ಹಾಕಿದರೂ ಇಲ್ಲ. ಆಟ ಶುರು ಮಾಡಿ ಊರು ದಾಟಿ ಘಾಟಿ ಏರಬೇಕು, ಅಷ್ಟರಲ್ಲಿ ಚಿತ್ರ ಹಾಗೇ ಗೋಡೆಗೆ ಹೊಡೆದ ಫೋಟೋದಂತೆ ನಿಲ್ಲುತ್ತಿತ್ತು. ಎಂಜಿನ್ನಿನ ಸದ್ದು ಮಾತ್ರ ಒಂದೇ ಕಡೆ ಸಿಕ್ಕಿಕೊಂಡು ಗರ್ರ್ ಅಂತ ಕೂಗುತ್ತಿತ್ತು. ಯಾವ ಗುಂಡಿ ಒತ್ತಿದರೂ ಕೇಳದು. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಕತ್ತು ಹಿಸುಕಿದಂತೆ ಆರಿಸಬೇಕು.

ಮೊದಲು ಆಟದ್ದೇ ದೋಷ ಅಂದುಕೊಂಡು ಅದನ್ನು ತೆಗೆದು ಮತ್ತೆ ಹಾಕಿದೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಅಳಿಸಿ ಹಳೆಯದನ್ನು ಹಾಕಿದೆ, ಹೊಸದನ್ನು ಹಾಕಿದೆ. ಕಾವು ತೋರಿಸುವ ಒಂದು ಸಣ್ಣ ತಂತ್ರಾಂಶ ಇಳಿಸಿಕೊಂಡು ಪರದೆಯ ಮೂಲೆಯಲ್ಲಿಟ್ಟು ಆಡಿದೆ, ಕಾವೂ ಏರುತ್ತಿರಲಿಲ್ಲ. ಆದರೂ ಸಮಾಧಾನವಾಗದೆ ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿ, ಕಾವು ಹೊರಗೆಳೆಯಲು ಬಳಿದಿದ್ದ, ಒಣಗಿದ ಪೇಸ್ಟ್ ಕೆರೆದು ಹೊಸದು ಬಳಿದೆ. ಹಾವೇರಿಯ ನನ್ನ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತನ್ನ ಮನೆಯ ಕಂಪ್ಯೂಟರಿನ ರ‍್ಯಾಮ್ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ ತಂದುಕೊಟ್ಟಳು. ಅದನ್ನು ಹಾಕಿದರೂ ಘಾಟಿಯಲ್ಲಿ ಲಾರಿ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ಕ್ಯಾಬಿನೆಟ್ ಮಗುಚಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದೆ. ಊಟ ಮಾಡಿ ಮೇಲೆ ಬಂದ ಅಣ್ಣ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಮೊಬೈಲಿನ ಟಾರ್ಚ್ ಹಚ್ಚಿ ಒಳಗೆ ಬೆಳಕು ಹಿಡಿದ.

"ಏನಾಗೈತಿ?"

"ತಿಳೀವಲ್ದು. ಆಟ ಹಚ್ಚಿದ್ರ ಅಷ್ಟ ನಿಂದರತೈತಿ."

"ಧೂಳ ಇರಬೇಕು. ನಮ್ಮ ಊರಾಗ ಯಾವ ಮಶೀನ್ ಉಳಿತೈತಿ? ಅಲ್ಲಿ ನೋಡು, ಆ ಸಂದಿಯೊಳಗ."

ಅವನು ತೋರಿಸಿದ ಸಂದಿಯನ್ನೆಲ್ಲ ಬ್ರಷ್ ಹಾಕಿ ಗುಡಿಸಿದೆ. ಕೆಂಪು ಧೂಳು ಎದ್ದು ಇಬ್ಬರೂ ಸೀನಿದೆವು, ನಕ್ಕೆವು. ನನ್ನ ಮದುವೆಯಾದ ಮೇಲೆ ಇಬ್ಬರೂ ಕೂಡಿ ನಕ್ಕಿದ್ದು ನನಗೆ ನೆನಪಿಲ್ಲ. ಏಳುವಾಗ ಅವನಂದ, "ಹೋಗ್ಲಿ ಬಿಡು. ಆಟ ಬಿಟ್ಟ ಉಳಿದದ್ದೆಲ್ಲಾ ನಡೀತೈತಲ್ಲ."

ಆಟದೊಳಗಿನ ಚಿತ್ರದ ಗುಣಮಟ್ಟ ಇಳಿಸಿದರೆ ಲಾರಿ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ ಎಂಬುದು ಬೇಸಿಗೆಯ ಹೊತ್ತಿಗೆ ಗಮನಕ್ಕೆ ಬಂತು. ಮರ, ಮಳೆ, ನೆರಳು ಎಲ್ಲ ತೆಗೆದುಹಾಕಿದರೆ ಇನ್ನೂ ಮುಂದೆ. ಅಂದರೆ ಶ್ರಮ ಹೆಚ್ಚಾದಷ್ಟೂ ಲಗೂ ಸೋಲುತ್ತಿದೆ. ಹಾಗಿದ್ದರೆ ಸಾಲದಾಗಿರುವುದು ಶಕ್ತಿಯೇ. ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ ಕ್ಯಾಬಿನೆಟ್ಟಿನ ತಳದಲ್ಲಿ ಒಂದು ತಗಡಿನ ಮುಚ್ಚಳದ ಹಿಂದೆ ಇರುತ್ತದೆ. ಅದೊಂದನ್ನು ನಾನು ಬಿಚ್ಚಿ ನೋಡಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ವಿಚಾರಿಸಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿದ್ದೆನಲ್ಲ, ಅದರ ಮೇಲೆ ಸಂಶಯ ಬರಲಿಲ್ಲ.

ಮುಚ್ಚಳ ತೆಗೆದೆ. ಒಳಗಿದ್ದದ್ದು ನನ್ನ ಡಬ್ಬಿಯಲ್ಲ. ನನ್ನದು ಕಪ್ಪು, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಇದು ಹಗುರವಾದ ಬಿಳಿ ತಗಡು. ಬೆರಳಿನಿಂದ ಒತ್ತಿದರೆ ಡಬ್ಬ್ ಅಂತ ಒಳಗೆ ಹೋಯಿತು. ಅದರಿಂದ ಮೇಲುಹೊದಿಕೆಯಿಲ್ಲದ ಕೆಂಪು, ಹಳದಿ ತಂತಿಗಳು ಹೊರಟಿದ್ದವು.

ರಿಪೇರಿಯವನು ಮೋಸ ಮಾಡಿದ ಅಂದುಕೊಂಡೆ. ಅಲ್ಲೇ ಕೂತು ರಾಣೆಬೆನ್ನೂರಿಗೆ ಫೋನ್ ಹಚ್ಚಿ, ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲಾ ಕೇಳಿಸಿಕೊಂಡ.

"ಅಕ್ಕಾರ, ನಿಮ್ಮ ಅಣ್ಣಾರಿಗೆ ಎಲ್ಲಾ ಗೊತ್ತೈತ್ರಿ. ಅಂಗಡಿ ಮಶೀನಿನ ಡಬ್ಬಿ ಸುಟ್ಟಿತ್ತು. ನನ್ನ ಹತ್ರ ಈ ಹಲಕಾ ಡಬ್ಬಿ ಅಷ್ಟ ಇತ್ರಿ. ಅದನ್ನ ಅಂಗಡೀದಕ್ಕ ಹಾಕಾಕ ಹೋದ್ರ ಅವರ ಬ್ಯಾಡ ಅಂದ್ರು. ತಂಗೀದು ಚಲೋ ಐತಿ, ಅದನ್ನ ಅಂಗಡೀದಕ್ಕ ಹಾಕು, ಈ ಹಲಕಾದ್ದನ್ನ ಅಕೀದಕ್ಕ ಹಾಕು, ಅಕಿ ಬರೇ ಆಟ ಆಡ್ತಾಳ ಅಂದ್ರು. ನಿಮಗ ಹೇಳಿರತಾರ ಅನ್ಕೊಂಡಿದ್ನಿ."

ಫೋನ್ ಇಟ್ಟ ಮೇಲೆ ನನಗೆ ಡಬ್ಬಿ ನೆನಪಾಗಲಿಲ್ಲ. ಅಣ್ಣ ಹಿಡಿದ ಬೆಳಕು ನೆನಪಾಯಿತು. ಎಲ್ಲಿ ಏನಿಲ್ಲ ಅಂತ ಗೊತ್ತಿದ್ದವನು ಪಕ್ಕದಲ್ಲಿ ಕೂತು, ಬೇರೆ ಸಂದಿ ತೋರಿಸಿದ್ದ. ನಾನು ಅವನ ಜೊತೆ ನಕ್ಕಿದ್ದೆ.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಾಗ ಕೇಳಿದೆ. ಅವನ ಕೈ ರೊಟ್ಟಿಯ ಮೇಲಿನಿಂದ ಏಳಲಿಲ್ಲ.

"ಸೀಜನ್‌ದಾಗ ಅಂಗಡಿ ಬಂದ್ ಇಡಾಕ ಆಗ್ತದೇನು?"

"ಕೇಳಬಹುದಿತ್ತಲ್ಲ."

"ನಿನ್ನ ಏನ್ ಕೇಳೂದು? ಈ ಮನ್ಯಾಗ ನಂದು ನಿಂದು ಯಾವಾಗಿಂದ ಸುರು ಆತು?"

"ಹಂಗಾದ್ರ ಕಾರಿನ ಕೀಲಿ ಕೊಡು," ಅಂದೆ.

ಅವನು ಅವ್ವನ ಮುಖ ನೋಡಿದ. ಅವ್ವ ನನ್ನ ತಾಟಿಗೆ ಬದನೆಕಾಯಿ ಪಲ್ಯ ಹಾಕುತ್ತಾ ಅಂದಳು, "ಉಣ್ಣು, ಉಣ್ಣು. ಒಂದು ಡಬ್ಬಿ ಸಲುವಾಗಿ ಯಾರರ ಜಗಳಾಡತಾರೇನು?"

ಮರುದಿನ ರಜೆ ಹಾಕಿ, ಬಿಳಿ ತಗಡಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಯಾರ್ಡಿಗೆ ನಡೆದೆ. ಅಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ, ಹಳ್ಳಿಯಿಂದ ಮಾಲು ತಂದ ರೈತರು ಎದುರಿಗೆ ಕೂತಿದ್ದರು. ಕಂಪ್ಯೂಟರ್ ಆರಿಸಿ, ಸ್ಕ್ರೂ ಬಿಚ್ಚಿ, ನನ್ನ ಡಬ್ಬಿ ಹೊರಗೆ ತೆಗೆದೆ. ಅವರೆದುರು ಬಾಯಿ ತೆರೆಯಲು ಅಣ್ಣನಿಗೆ ಆಗಲಿಲ್ಲ. ಅದರ ಜಾಗದಲ್ಲಿ ತಗಡಿನ ಡಬ್ಬಿ ಕೂಡಿಸಿ ಬಟನ್ ಒತ್ತಿದೆ. ಅಂಗಡಿಯ ಕಂಪ್ಯೂಟರ್ ಒಂದು ಉಸಿರೂ ತಪ್ಪದೆ ಹೊತ್ತಿಕೊಂಡಿತು. ಬಿಲ್ಲು ಹೊಡೆಯುವುದಕ್ಕೆ ಅದು ಧಾರಾಳ ಸಾಕಾಗುತ್ತಿತ್ತು. ಅವನಿಗೆ ನನ್ನದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಒಳ್ಳೆಯದು ಅಂಗಡಿಗೆ, ಉಳಿದದ್ದು ನನಗೆ ಎಂಬುದು ಅವನಿಗೆ ಯೋಚಿಸದೆಯೇ ಹೊಳೆದಿತ್ತು, ಅಷ್ಟೆ.

"ಆತೇನು ಸಮಾಧಾನ?" ಅಂದ, ನಾನು ಮೆಟ್ಟಿಲು ಇಳಿಯುವಾಗ, ಸಣ್ಣ ದನಿಯಲ್ಲಿ.

ಆಗಿರಲಿಲ್ಲ. ಆ ಸಂಜೆ ಲಾರಿ ಘಾಟಿ ಏರಿತು, ಇಳಿಯಿತು, ಮಳೆಯೊಳಗೆ ಇನ್ನೊಂದು ದೇಶಕ್ಕೆ ಹೋಯಿತು. ಕೆಳಗಿನಿಂದ ಅವ್ವ ಊಟಕ್ಕೆ ಕರೆಯಲಿಲ್ಲ. ಅಣ್ಣ ಮುಂದೆ ಎಷ್ಟೋ ದಿನ ನಾನಿರುವ ಕೋಣೆಗೆ ಬಂದರೆ ಏನೋ ಮರೆತವನಂತೆ ವಾಪಸ್ ಹೋಗುತ್ತಿದ್ದ. ತಪ್ಪಾಯಿತು ಅನ್ನುವ ಮಾತು ಅವನಿಂದ ಬರಲಿಲ್ಲ. ಅವ್ವನ ಲೆಕ್ಕದಲ್ಲಿ ತಪ್ಪು ಮಾಡಿದವಳು ನಾನು: ನಾಕು ಮಂದಿ ಮುಂದೆ ಅಣ್ಣನ ಅಂಗಡಿಯಲ್ಲಿ ಸ್ಕ್ರೂ ಬಿಚ್ಚಿದವಳು.

ದಸರೆ ಮುಗಿದ ಮೇಲೆ ಹಾವೇರಿಯಲ್ಲಿ ಒಂದು ಕೋಣೆ ಹಿಡಿದೆ. ಹೊರಡುವ ದಿನ ಅಣ್ಣ ಕಾರು ತೆಗೆದು ನಿಂತಿದ್ದ. ಬೇಡ ಅಂದೆ. ಆಟೋದಲ್ಲಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣದವರೆಗೆ ಹೋದೆ. ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ತೆಗೆಸಿದರು.

ಈಗ ಅಣ್ಣ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನೆ. ಊಟ ಆತೇನು ಅನ್ನುತ್ತಾನೆ. ಅವ್ವನ ಮೊಣಕಾಲು ನೋವಿನ ಸುದ್ದಿ ಹೇಳುತ್ತಾನೆ. ಆಮೇಲೆ ಇಡ್ಲೇನು ಅನ್ನುತ್ತಾನೆ, ಇಡು ಅನ್ನುತ್ತೇನೆ.